ಆಗಸ್ಟಿನಲ್ಲಿ ಬೇಕಾಗುವ ಊರು

ಆಗಸ್ಟ್ ಹುಟ್ಟಿದ್ದೇ ತಡ, ವಲೆನ್ಸಿಯಾದ ನಮ್ಮ ಕಟ್ಟಡದಲ್ಲಿ ಮನುಷ್ಯರ ಸುಳಿವೇ ಇಲ್ಲದಂತಾಯಿತು. ಬ್ರೆಡ್ಡಿನ ಅಂಗಡಿಗೆ ಬೀಗ, ತರಕಾರಿ ಅಂಗಡಿಗೆ ಬೀಗ. ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದು ಗಾಬರಿಯಾಗಿ ಕೆಳಮನೆಯ ಅಂಪಾರೊ ಅಜ್ಜಿಯ ಬಳಿಗೆ ಓಡಿದೆ. ಅಜ್ಜಿ ಬಿದ್ದುಬಿದ್ದು ನಕ್ಕಳು. "ಎಲ್ಲರೂ ಪ್ವೆಬ್ಲೊಗೆ ಹೋಗಿದ್ದಾರೆ, ಹುಡುಗಿ."

ಇಲ್ಲಿಯ ಭಾಷೆಯಲ್ಲಿ ಪ್ವೆಬ್ಲೊ ಅಂದರೆ ಹಳ್ಳಿ ಎಂದು ಕಲಿತಿದ್ದೆ. ಆದರೆ ಟೀವಿಯಲ್ಲಿ ರಾಜಕಾರಣಿ ಎದೆ ತಟ್ಟಿಕೊಂಡು ಪ್ವೆಬ್ಲೊ ಎಂದರೆ ಅಲ್ಲಿ ಅದು ನಾಡಿನ ಜನ. ಮೇಲಿನ ಮನೆಯ ಹುಡುಗಿ ಹುಟ್ಟಿದ್ದು, ಬೆಳೆದದ್ದು ಇದೇ ನಗರದಲ್ಲಿ. ಅವಳಿಗೂ ಒಂದು ಪ್ವೆಬ್ಲೊ ಉಂಟು, ಅದು ಅವಳಜ್ಜಿಯ ಹಳ್ಳಿ. ಹುಟ್ಟದೆ, ಬಾಳದೆ ಒಂದು ಜಾಗ ತನ್ನೂರಾಗುವುದು ಹೇಗೆ? ನನ್ನ ತಲೆ ಗಿರ್ರೆಂದಿತು.

"ನಿನ್ನ ಪ್ವೆಬ್ಲೊ ಯಾವುದು?" ಎಂದಳು ಅಜ್ಜಿ.

ಇದೇ ಪ್ರಶ್ನೆಗೆ ನಮ್ಮ ಕಡೆಯೂ ನಾನು ತಡವರಿಸಿದವಳೇ. ಸಂತೆಯಲ್ಲಿ ಯಾರಾದರೂ "ಯಾವೂರವ್ವ ನಿಂದು?" ಎಂದಾಗ ಕೊಟ್ಟೂರು ಅಂದರೆ, "ಅದಲ್ಲಬೇ, ತವರು ಯಾವೂರು?" ಅನ್ನುವರು. ಕಾನಹೊಸಹಳ್ಳಿ ಅಂದರೆ, "ಕೊಟ್ಟಿದ್ದು ಯಾವೂರಿಗೆ?" ಅನ್ನುವರು. ಹಾಗಾಗಿ ಅಜ್ಜಿಗೆ, "ಎರಡಿವೆ" ಎಂದೆ.

"ಎರಡು ಯಾಕೆ? ನಿನ್ನ ಹಾಸಿಗೆ ಯಾವುದರಲ್ಲಿದೆ, ಅದನ್ನು ಹೇಳು."

ಆ ಮಾತು ಮನಸ್ಸಿನಲ್ಲಿ ಕೊರೆಯತೊಡಗಿತು. ನನ್ನ ಗಂಡ ಕೊಟ್ರೇಶ ಹಂಪಿಯ ಕಡೆ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ. ಅವನ ಕೈರುಚಿ ಮೆಚ್ಚಿದ ಇಲ್ಲಿಯವರೊಬ್ಬರು ತಮ್ಮ ಹೋಟೆಲಿಗೆ ಕರೆಸಿಕೊಂಡರು. ಹಿಂದಿನಿಂದ ನಾನು ಬಂದೆ. ಒಂಟಿಯಾಗಿದ್ದ ಅಂಪಾರೊ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ಹಿಡಿದೆ. ಹಾಸಿಗೆಯ ವಿಚಾರ ಅಲ್ಲಿಯವರೆಗೆ ತಲೆಗೇ ಹೊಳೆದಿರಲಿಲ್ಲ.

ಭಾನುವಾರ ಲೊಕುತೋರಿಯೊಗೆ ಹೋದೆ. ನಮ್ಮ ಎಸ್‌ಟಿಡಿ ಬೂತಿನಂಥದ್ದೇ ಅದು. ಮೊದಲು ಕೊಟ್ಟೂರಿಗೆ ಫೋನು ಹಚ್ಚಿದೆ. ಅತ್ತೆ ಎಂದರು: "ನಿನ್ನ ಖೋಲ್ಯಾಗ ಶೇಂಗಾ ಚೀಲ ಇಟ್ಟೀವಮ್ಮ. ನೀವು ಬರೂ ಹೊತ್ತಿಗೆ ತಗಸಿದ್ರಾತು."

ಕಾನಹೊಸಹಳ್ಳಿಯಲ್ಲಿ ತಮ್ಮ ಫೋನೆತ್ತಿದ. "ಇಲ್ಲಿ ನನ್ನ ಹಾಸಿಗಿ ಐತೇನೋ?" ಎಂದೆ.

"ಏನ್ ಕೇಳ್ತಿ ಅಕ್ಕಾ! ನಿನ್ನೂರು ಕೊಟ್ಟೂರಲ್ಲೇನು? ಇಲ್ಲಿಗೆ ಬಂದ್ರ ನಾಕು ದಿನ ಇದ್ದು ಹೋಗು, ಬ್ಯಾಡ ಅಂದಾರ್ಯಾರು?"

ಇಬ್ಬರೂ ಕೆಟ್ಟದ್ದು ಹೇಳಲಿಲ್ಲ. ಆದರೂ ದಾರಿಯುದ್ದಕ್ಕೂ ಅಳು ಬಂತು. ಕೊಟ್ರೇಶ, "ಊರು ಎಲ್ಲಿಗೆ ಓಡಿ ಹೊಕ್ಕೈತಿ ಬಿಡಲೇ" ಎಂದು ಮಗ್ಗುಲಾಗಿ ಗೊರಕೆ ಹೊಡೆದ. ಗಂಡಸರಿಗೆ ಈ ಚಿಂತೆಯೇ ಇಲ್ಲವಲ್ಲ ಎಂದು ಸಿಟ್ಟೂ ಬಂತು.

ಆ ವಾರ ಅಂಪಾರೊ ನನ್ನನ್ನು ತನ್ನ ಪ್ವೆಬ್ಲೊಗೆ ಕರೆದೊಯ್ದಳು. ಬಸ್ಸು ಗುಡ್ಡ ಹತ್ತಿತು. ಕೂಡ್ಲಿಗಿ ಕಡೆಯಂಥದೇ ಕಲ್ಲು ನೆಲ, ಅಂಥದೇ ಸುಡುಬಿಸಿಲು. ಶೇಂಗಾ ಇರಬೇಕಾದಲ್ಲಿ ಬಾದಾಮಿ ಗಿಡ. ನಮ್ಮ ಹಳ್ಳಿಯಲ್ಲಿ ಕುರಿ ಅರಚುತ್ತವೆ, ಮನೆ ಮುಂದೆ ಯಾರಾದರೂ ಜಗಳಾಡುತ್ತಾರೆ. ಇಲ್ಲಿ ಆಗಸ್ಟಿನಲ್ಲೂ ಅರ್ಧ ಮನೆಗಳಿಗೆ ಬೀಗ. ಆಗಸ್ಟ್ ಮುಗಿದರೆ ಉಳಿಯುವವರು ಪಕ್ಕದ ಮನೆಯ ರೆಮೆದಿಯೋಸ್ ಎಂಬ ಮುದುಕಿ ಮತ್ತು ಇನ್ನೊಂದಿಷ್ಟು ಜನ. ದಿನವೂ ಸಂಜೆ ಕುರ್ಚಿ ಹಾಕಿಕೊಂಡು ಅವಳೊಂದಿಗೆ ಬೀದಿಯಲ್ಲಿ ಕೂರುತ್ತಿದ್ದೆವು. ನನ್ನ ಮುರುಕು ಭಾಷೆಗೆ ಅವಳು ನಗುತ್ತಿದ್ದಳು, ತಿದ್ದುತ್ತಿದ್ದಳು.

ಹೊರಡುವ ದಿನ ರೆಮೆದಿಯೋಸ್ ಬೊಗಸೆ ತುಂಬ ಬಾದಾಮಿ ತಂದಳು. ನನಗೇನಾಯಿತೋ, ಚೀಲ ಹಿಡಿಯುವ ಬದಲು ದುಪಟ್ಟಾ ಒಡ್ಡಿ ನಿಂತುಬಿಟ್ಟೆ. ಹೆಣ್ಣುಮಗಳನ್ನು ಕಳಿಸುವಾಗ ತವರಿನವರು ಉಡಿ ತುಂಬುತ್ತಾರಲ್ಲ, ಹಾಗೆ. ಮುದುಕಿ ಕಪ್ಪು ಬಟ್ಟೆಯ ವಿಧವೆ, ನಮ್ಮಲ್ಲಾದರೆ ಆ ಕೈಯಿಂದ ಉಡಿ ತುಂಬಿಸುವುದಿಲ್ಲ ಎಂಬುದೂ ನೆನಪಾಗಲಿಲ್ಲ. ಬಾದಾಮಿ ಬಿದ್ದೊಡನೆ ಅವ್ವ ಕಲಿಸಿದಂತೆ ಕಣ್ಣಿಗೊತ್ತಿಕೊಂಡು, ಅದರಲ್ಲೇ ಒಂದು ಹಿಡಿ ಅವಳಿಗೆ ಹಿಂದಕ್ಕೆ ಕೊಟ್ಟೆ.

ಮುದುಕಿಯ ಮುಖ ಸಣ್ಣಗಾಯಿತು. ಬೇಡವೆಂದೆ ಅಂದುಕೊಂಡಳು. ಬಾದಾಮಿಯನ್ನು ಮತ್ತೆ ನನ್ನ ಉಡಿಗೇ ಸುರಿದಳು. ನಾನು ಮತ್ತೆ ಹಿಡಿ ತುಂಬಿ ಕೊಟ್ಟೆ. ಅವಳ ಕಣ್ಣಲ್ಲಿ ನೀರು ಬಂದಿತ್ತು. ಗೊತ್ತಿದ್ದ ಪದಗಳನ್ನೆಲ್ಲ ಹೆಕ್ಕಿ ಹೆಕ್ಕಿ ಹೇಳಿದೆ: "ಬೇಡ ಅಂತಲ್ಲ. ಮಗಳು ಎಲ್ಲವನ್ನೂ ಒಯ್ಯಬಾರದು. ಈ ಮನೆ ಖಾಲಿಯಾಗಬಾರದು, ಅದಕ್ಕೆ."

ರೆಮೆದಿಯೋಸ್ ಎದುರು ಸಾಲಿನ ಬೀಗ ಹಾಕಿದ ಬಾಗಿಲುಗಳನ್ನು ನೋಡಿದಳು. ಆಮೇಲೆ ಆ ಹಿಡಿ ಬಾದಾಮಿಯನ್ನು ಇಸಕೊಂಡು ತನ್ನ ಏಪ್ರನ್ ಜೇಬಿಗೆ ಹಾಕಿ, ಮೇಲೆ ಕೈಯಿಟ್ಟುಕೊಂಡಳು. "ಮುಂದಿನ ಆಗಸ್ಟಿಗೆ ನಿನ್ನ ಪ್ವೆಬ್ಲೊಗೆ ಬಾ" ಎಂದಳು. ಆ ಊರು ನನ್ನದೇ ಎಂದಳೋ, ಬಾಯಿಮಾತಿಗೆ ಅಂದಳೋ? ಬಸ್ಸಿನಲ್ಲಿ ಅಂಪಾರೊಳನ್ನು ಕೇಳಿದೆ. ಅವಳು ನಿದ್ದೆ ಹೋಗಿದ್ದಳು.

ಮರಳಿದ ಮೇಲೆ ತಮ್ಮನಿಗೆ ಫೋನು ಹಚ್ಚಿದೆ. "ಎಲ್ಲಿಗೆ ಹೋಗಿದ್ದಿ ಅಕ್ಕಾ, ಫೋನೇ ಇಲ್ಲ?" ಎಂದ.

"ಊರಿಗೆ ಹೋಗಿದ್ನೆಪಾ."

"ಯಾವೂರಿಗೆ?"

ಹೆಸರು ಬಾಯಿಗೆ ಬರಲಿಲ್ಲ. "ಉಡಿ ತುಂಬಿ ಕಳಿಸ್ಯಾರೋ" ಎಂದೆ.

ತಮ್ಮ ದನಿ ತಗ್ಗಿಸಿ ಅಂದ: "ಬಾರಕ್ಕಾ ನೀನು. ಹಾಸಿಗಿ ಹಾಸಿಡ್ತೀನಿ."