ಅಕ್ಕನ ಕುಣಿ ಮೂಡಣಕ್ಕೆ ತಿರುಗಿದ್ದು

ನಾನು ಚಿಕ್ಕವಳಿದ್ದಾಗ ಒಂದು ಇಡೀ ದಿನ ದೇವರ ಮೇಲೆ ಸಿಟ್ಟಾಗಿದ್ದೆ. ಮಕ್ಕಳೇ, ಆ ಸಿಟ್ಟು ಪೂರ್ತಿಯಾಗಿ ಆರಿತೆಂದು ಇಂದಿಗೂ ಹೇಳಲಾರೆ. ಆಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿಮೂರು. ನಿಜಾಮರ ಆಳ್ವಿಕೆ ಮುಗಿದು, ನಮ್ಮ ದೋರನಹಳ್ಳಿ ಸೀಮೆಯ ಶಾಲೆಗಳಲ್ಲಿ ಉರ್ದುವಿನ ಜಾಗಕ್ಕೆ ಕನ್ನಡ ಬರುತ್ತಿದ್ದ ಕಾಲ ಅದು. ಅಕ್ಕ ಹಗಲು ಕಲಿತ ಅಕ್ಷರಗಳನ್ನು ಸಂಜೆ ಒಲೆಯ ಬೂದಿ ಹರಡಿ, ಅದರ ಮೇಲೆ ನನ್ನಿಂದ ಬರೆಸುತ್ತಿದ್ದಳು. ತಪ್ಪಿದರೆ ಕಿವಿ ಹಿಂಡುತ್ತಿದ್ದಳು. ಆ ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂತು. ಯಾದಗಿರಿಯ ದವಾಖಾನೆಗೆ ಒಯ್ಯಲೆಂದು ಅಪ್ಪ ಬಂಡಿ ಹೂಡುವಷ್ಟರಲ್ಲಿ, ಅವಳು ಅವ್ವನ ತೊಡೆಯ ಮೇಲೆಯೇ ತೀರಿಕೊಂಡಳು.

ಊರಿನಲ್ಲಿ ಯೇಸುಸ್ವಾಮಿಯನ್ನು ನಂಬಿದ ಮನೆಗಳು ಮೂರೇ. ಅಪ್ಪ ದೀಕ್ಷಾಸ್ನಾನ ಪಡೆದಿದ್ದ. ಅಪ್ಪನ ತಮ್ಮನಾದ ಕಾಕಾ ಪಡೆದಿರಲಿಲ್ಲ. ಆದರೂ ಬೆಳಗಾಗುತ್ತಲೇ ಗುದ್ದಲಿ, ಹಾರೆ ಹೊತ್ತು, ಹಳ್ಳದ ದಂಡೆಗೆ ಅಕ್ಕನ ಕುಣಿ ತೋಡಲು ಹೋದವನು ಅವನೇ. ಹೂಳುವ ಗುಂಡಿಗೆ ನಮ್ಮಲ್ಲಿ ಕುಣಿ ಎನ್ನುತ್ತಾರೆ.

ಅವ್ವ ನಮ್ಮ ಕಡೆಯ ಹೆಂಗಸರಂತೆ ಅಕ್ಕನ ಒಂದೊಂದೇ ಗುಣವನ್ನು ಹೇಳಿ, ಹಾಡಿಕೊಂಡು ಅಳುತ್ತಿದ್ದಳು. ಯಾದಗಿರಿಯಿಂದ ಸೈಕಲ್ ತುಳಿದು ಬಂದ ಪಾದ್ರಿಗಳು ಅವಳ ಮುಂದೆ ನಿಂತರು.

“ಅಳಬ್ಯಾಡವಾ. ನಂಬಿದವ್ರಿಗೆ ಇದು ಸಂತೋಷದ ದಿನ.”

ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳ ಕುತ್ತಿಗೆಯ ನರಗಳು ಉಬ್ಬಿದವು. ನನಗಂತೂ ಪಾದ್ರಿಗಳ ಸೈಕಲ್ಲನ್ನು ಎಳೆದೊಯ್ದು ಹಳ್ಳಕ್ಕೆ ನೂಕಬೇಕೆನಿಸಿತು.

ಬಿಳಿ ಬಟ್ಟೆ ಸುತ್ತಿದ ಅಕ್ಕನನ್ನು ಹಳ್ಳದ ದಂಡೆಗೆ ತಂದು ಬೇವಿನ ನೆರಳಿನಲ್ಲಿ ಮಲಗಿಸಿದರು. ಕುಣಿಯನ್ನು ನೋಡಿದ ಅಪ್ಪ ಅಲ್ಲಿಯೇ ನಿಂತುಬಿಟ್ಟ. ಆಳ ಸರಿಯಾಗಿತ್ತು, ಅಂಚುಗಳು ನೆಟ್ಟಗಿದ್ದವು. ಆದರೆ ಕಾಕಾ ನಮ್ಮ ಹಿರಿಯರ ಪದ್ಧತಿಯಂತೆ, ತಲೆ ದಕ್ಷಿಣಕ್ಕೆ ಬರುವ ಹಾಗೆ ತೋಡಿದ್ದ. ಯೇಸುಸ್ವಾಮಿ ಮೂಡಣದಿಂದ ಬರುತ್ತಾನೆ, ಸತ್ತವರು ಆ ದಿನ ಏಳುತ್ತಾರೆ ಎಂದು ನಂಬುವ ನಾವು ತಲೆಯನ್ನು ಪಡುವಣಕ್ಕೂ ಕಾಲನ್ನು ಮೂಡಣಕ್ಕೂ ಇಡುತ್ತೇವೆ. ಎದ್ದು ಕುಳಿತರೆ ಮುಖ ಅವನ ಕಡೆಗೇ ಇರಬೇಕು.

“ಇದು ನಡೆಯಂಗಿಲ್ಲ. ತಿರುಗಿಸಿ ತೋಡಬೇಕು,” ಎಂದ ಅಪ್ಪ.

ಕಾಕಾ ಬೊಕ್ಕೆ ಎದ್ದ ಅಂಗೈಗಳನ್ನು ಚಾಚಿದ. “ನೋಡಿಲ್ಲಿ ಅಣ್ಣಾ. ಕೆಳಗ ಬರೇ ಗರಸೈತಿ. ಸತ್ತೋರಿಗೆ ಯಾವ ದಿಕ್ಕಾದ್ರೇನು?”

“ಸತ್ತೋರಿಗಲ್ಲಲೇ, ಏಳೋರಿಗೆ!”

“ನಿಮ್ಮ ಸ್ವಾಮಿ ಅಕಸ್ಮಾತ್ ಪಡುವಣಕ್ಕ, ಶಹಾಪುರದ ಕಡಿಂದ ಬಂದ್ರ ಏನ್ ಮಾಡ್ತಿ?”

ಪಾದ್ರಿಗಳು ಗಡಿಯಾರ ನೋಡಿಕೊಂಡರು. “ದೇವರಿಗೆ ದಿಕ್ಕಿನ ಹಂಗಿಲ್ಲಪ್ಪಾ. ಹೊತ್ತಾಗಾಕತ್ತೈತಿ.”

ನನಗೆ ತಡೆಯಲಾಗಲಿಲ್ಲ. ಅಪ್ಪನ ಮುಂದೆ ನಿಂತು ಚೀರಿದೆ: “ಎಬ್ಬಿಸೋದಿತ್ತಂದ್ರ ಕೊಂದದ್ದ್ಯಾಕ? ಅವನ್ನ ಕೇಳು!”

“ಹಂಗ ಅನಬಾರ್ದು, ಪಾಪ ಬರ್ತೈತಿ,” ಎಂದರು ಪಾದ್ರಿಗಳು.

ಅಪ್ಪ ನನ್ನನ್ನು ಪಕ್ಕಕ್ಕೆ ಎಳೆದುಕೊಂಡ. “ಅನ್ಲಿ ಬಿಡ್ರಿ ಅಯ್ನೋರ. ನಾನೂ ಅದನ್ನ ಕೇಳಾಕತ್ತೀನಿ. ಮಗಳು ಏಳ್ತಾಳಂತ ನಂಬೀನಿ. ಸತ್ತದ್ದಕ್ಕ ಸುಮ್ನಿರ್ತೀನಂತ ಮಾತು ಕೊಟ್ಟಿಲ್ಲ.”

ಅಷ್ಟು ಹೇಳಿ ಅವನು ಗುದ್ದಲಿ ಎತ್ತಿಕೊಂಡ. ಬಿಸಿಲಿಗೆ ಬಿರಿದ ಎರೆಮಣ್ಣು ಹೆಂಟೆಹೆಂಟೆಯಾಗಿ ಎದ್ದಿತು. ಅದರ ಕೆಳಗಿನ ಗರಸಿಗೆ, ಆ ಗಟ್ಟಿ ಕಲ್ಲುಮಣ್ಣಿಗೆ, ಬಿದ್ದ ಪ್ರತಿ ಏಟೂ ಖಣ್ ಎಂದಿತು. ಕಾಕಾ ಬೆನ್ನು ತಿರುಗಿಸಿ ಕುಳಿತು ತಂಬಾಕು ತಿಕ್ಕುತ್ತಿದ್ದ. ಮೂರು ಸಲ ಅಪ್ಪನ ಗುದ್ದಲಿ ಜಾರಿದ ಮೇಲೆ ತಂಬಾಕನ್ನು ಎಸೆದು ಕುಣಿಗೆ ಇಳಿದ.

“ಸರಿ ಅತ್ಲಾಗ! ಗುದ್ದಲಿ ಹಿಡ್ಯಾಕ ಬರಂಗಿಲ್ಲ, ಸ್ವರ್ಗದ ದಿಕ್ಕು ತೋರಸ್ತಾನಂತ.”

ಹೆಂಗಸರು ಕುಣಿಯ ಮಣ್ಣು ಮುಟ್ಟುವ ಪದ್ಧತಿ ಇರಲಿಲ್ಲ. ಅವ್ವ ಎದ್ದು ಬಂದು ಬುಟ್ಟಿ ಹಿಡಿದಳು. ನಾನು ಇನ್ನೊಂದು ಕಡೆ ಹಿಡಿದೆ. ಮಣ್ಣು ಹೊರುತ್ತಾ ಅವ್ವ ಮತ್ತೆ ಹಾಡಿಕೊಂಡು, ಈ ಸಲ ಗಂಟಲು ಹರಿಯುವಂತೆ ಅತ್ತಳು. ಪಾದ್ರಿಗಳು ತಡೆಯಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಕ್ಕನನ್ನು ಮೂಡಣಕ್ಕೆ ಕಾಲಿಟ್ಟು ಮಲಗಿಸಿದೆವು. ನನ್ನ ಸಿಟ್ಟು ಇಳಿಯಲಿಲ್ಲ. ಆದರೆ ಅವಳು ಏಳುತ್ತಾಳೆಂಬುದನ್ನು ನಾನು ಮೊದಲ ಸಲ ನಂಬಿದೆ. ಸುಳ್ಳಿಗಾಗಿ ಯಾರೂ ಆ ಗರಸನ್ನು ಎರಡು ಸಲ ಅಗೆಯುವುದಿಲ್ಲ.

ಹೋದ ವರ್ಷ ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ತೀರಿಕೊಂಡಾಗ ಯಂತ್ರವೊಂದು ಬಂದು ಅರ್ಧ ಗಂಟೆಯಲ್ಲಿ ಗುಂಡಿ ತೆಗೆಯಿತು. ತಣ್ಣನೆಯ ಗಾಜಿನ ಪೆಟ್ಟಿಗೆಯಲ್ಲಿ ಅವರನ್ನು ಇರಿಸಿದ್ದರು. ನಿಮ್ಮನ್ನು ಒಳಕೋಣೆಯಲ್ಲಿ ಕೂರಿಸಿ ಕೈಗೆ ಮೊಬೈಲ್ ಕೊಟ್ಟಿದ್ದರು. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಹೊರಗೆ ಬಂದು, “ಮುತ್ಯಾನನ್ನು ದೇವರು ಯಾಕೆ ಕರಕೊಂಡ?” ಎಂದು ಕೇಳಿದಳು. ದೊಡ್ಡವರು ಬಾಯಿಯ ಮೇಲೆ ಬೆರಳಿಟ್ಟು ಅವಳನ್ನು ಸುಮ್ಮನಾಗಿಸಿದರು. ನಾಲ್ಕು ಜನ ಏನೆಂದಾರೋ ಎಂದು ಹೆದರಿ ನಾನೂ ತಲೆ ತಗ್ಗಿಸಿದೆ. ಅದು ನನ್ನ ತಪ್ಪು.

ಆ ಪ್ರಶ್ನೆಯನ್ನು ಈಗ ಕೇಳಿ, ಗಟ್ಟಿಯಾಗಿ ಕೇಳಿ. ನಿಮ್ಮ ಜೊತೆ ನಿಂತು ನಾನೂ ಕೂಗುತ್ತೇನೆ.