ಭಾವ ಬರುವ ತನಕ ಬೇಸಿನ್ನಿನಲ್ಲಿದ್ದ ಗಡ್ಡೆ

2006ರಲ್ಲಿ ನಾನು ಹಿಂದೂಪುರದಲ್ಲಿ ಸ್ವಂತ ಲ್ಯಾಬ್ ನಡೆಸುತ್ತಿದ್ದೆ. ಪೆಥಾಲಜಿಸ್ಟ್ ಎಂದರೆ ರಕ್ತ, ಮೂತ್ರ ನೋಡುವಾಕೆ ಎಂದೇ ಊರಿನವರ ನಂಬಿಕೆ. ನನ್ನ ನಿಜವಾದ ಕೆಲಸ ಬೇರೆ. ಸರ್ಜನ್‌ಗಳು ಕತ್ತರಿಸಿ ಕಳಿಸಿದ ಮಾಂಸದ ತುಣುಕನ್ನು ಮೇಣದ ಬಿಲ್ಲೆಯೊಳಗೆ ಕೂರಿಸಿ, ತೆಳ್ಳಗೆ ಸೀಳಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ಅದು ಏನೆಂದು ಹೇಳುವುದು. ಆ ಬಿಲ್ಲೆಯನ್ನು ನಾವು ಬ್ಲಾಕ್ ಎನ್ನುತ್ತೇವೆ. ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ. ಕೆಡಬೇಕಾದದ್ದು ಬ್ಲಾಕ್ ಆಗುವುದಕ್ಕೂ ಮೊದಲೇ ಕೆಟ್ಟಿರುತ್ತದೆ.

ಹನುಮಕ್ಕನದು ಕಲ್ಯಾಣದುರ್ಗದ ಬಸ್ ನಿಲ್ದಾಣದ ಪಕ್ಕ ಇಡ್ಲಿ ಅಂಗಡಿ. ವಯಸ್ಸು ನಲವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಅಂಗಡಿ, ಮನೆ, ಮಕ್ಕಳ ಓದು ಎಲ್ಲ ಆಕೆಯೇ ನೋಡಿಕೊಳ್ಳುತ್ತಿದ್ದಳು. ಆದರೆ ಯಾವ ಮಾತಿಗಾದರೂ ಗಂಡನ ಅಣ್ಣ ಹೂಂ ಅನ್ನಬೇಕು. ದುಡಿಯುವುದು ಈಕೆ, ತೀರ್ಮಾನ ಭಾವನದು!

ಆಕೆಯ ಎಡ ಎದೆಯಲ್ಲಿ ಗಂಟು ಕಾಣಿಸಿತು. ಕಲ್ಯಾಣದುರ್ಗದ ಡಾಕ್ಟರೊಬ್ಬರು ದಪ್ಪ ಸೂಜಿಯಿಂದ ದಾರದಷ್ಟು ಮಾಂಸ ತೆಗೆದು, ತಕ್ಷಣ ಫಾರ್ಮಲಿನ್ ಬಾಟಲಿಗೆ ಹಾಕಿ ನನಗೆ ಕಳಿಸಿದರು. ಮಾಂಸ ಕೊಳೆಯದಂತೆ ಹಿಡಿದಿಡುವ ದ್ರಾವಣ ಅದು. ನೋಡಿದೆ. ಕ್ಯಾನ್ಸರ್ ಹೌದು, ಆದರೆ ನಿಧಾನವಾಗಿ ಬೆಳೆಯುವ ಜಾತಿ. ತವರೂರು ಪರಿಗಿ ಹತ್ತಿರವಿದ್ದದ್ದರಿಂದ ಹಿಂದೂಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಆಕೆಯ ಎದೆ ತೆಗೆದರು. ಜಾಡಿಯಲ್ಲಿ ಬಂದ ಆ ಮಾಂಸದಿಂದ ಬ್ಲಾಕ್ ಮಾಡಿ, ಪ್ರೋಟೀನ್ ಪರೀಕ್ಷೆಗೆಂದು ಬೆಂಗಳೂರಿನ ಒಂದು ದೊಡ್ಡ ಲ್ಯಾಬಿಗೆ ಕಳಿಸಿದೆ.

ಈ ಪರೀಕ್ಷೆ ಏನೆಂದು ಹೇಳಿಬಿಡುತ್ತೇನೆ. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಹೆಣ್ಣಿನ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನುಗಳಿರುತ್ತವೆ. ಅವಕ್ಕೆ ಇಆರ್, ಪಿಆರ್ ಎಂದು ಹೆಸರು. ಬಣ್ಣ ಹಾಕಿದರೆ ಕಂದು ಬಣ್ಣದಲ್ಲಿ ಕಾಣುತ್ತವೆ. ಅವು ಇದ್ದರೆ ಕಾಯಿಲೆ ಸಾಮಾನ್ಯವಾಗಿ ಮೆತ್ತಗಿರುತ್ತದೆ, ಟ್ಯಾಮಾಕ್ಸಿಫೆನ್ ಎಂಬ ಮಾತ್ರೆ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಆ ಮಾತ್ರೆ ದಂಡ. ಹರ್-2 ಎಂಬ ಮೂರನೆಯದಿದ್ದರೆ ಕಾಯಿಲೆಯ ಆರ್ಭಟ ಜೋರು.

ಬೆಂಗಳೂರಿನಿಂದ ಬಂದ ಉತ್ತರ: ಮೂರೂ ನೆಗೆಟಿವ್. ಕೀಮೋ ಮುಗಿದ ಮೇಲೆ ನಿನಗೆ ಕೊಡಲು ಏನೂ ಉಳಿಯುವುದಿಲ್ಲ ಎಂದು ಸರ್ಜನ್ ಹನುಮಕ್ಕನಿಗೆ ಹೇಳಿಯೂಬಿಟ್ಟರು.

ನನಗೆ ಒಪ್ಪಿಗೆಯಾಗಲಿಲ್ಲ. ಅಷ್ಟು ಸೌಮ್ಯವಾಗಿ ಕಂಡ ಗಡ್ಡೆಯಲ್ಲಿ ಇಆರ್ ಇಲ್ಲವೆಂದರೆ ಹೇಗೆ? ಬೆಂಗಳೂರಿನವರು ಬಣ್ಣ ಹಾಕಿದ್ದ ಸ್ಲೈಡುಗಳನ್ನೇ ತರಿಸಿಕೊಂಡೆ. ಗಡ್ಡೆಯ ಪಕ್ಕದಲ್ಲೇ ಆರೋಗ್ಯವಾದ ಹಾಲಿನ ನಾಳಗಳಿದ್ದವು. ಅವುಗಳಲ್ಲಿ ಅಲ್ಲಲ್ಲಿ ಕಂದು ಬಣ್ಣ ಬರಲೇಬೇಕು. ಒಂದು ಚುಕ್ಕೆಯೂ ಇರಲಿಲ್ಲ. ಒಳ್ಳೆಯ ನಾಳದಲ್ಲೇ ಬಣ್ಣ ಹತ್ತದಿದ್ದರೆ ಆ ಪರೀಕ್ಷೆಯನ್ನು ಕಸದಬುಟ್ಟಿಗೆ ಹಾಕಬೇಕು, ಸಹಿ ಹಾಕಬಾರದು. ಸಹಿ ಹಾಕಿದ ಮಹಾನುಭಾವರು ಕಣ್ಣು ಎಲ್ಲಿಟ್ಟಿದ್ದರೋ!

ಏಕೆ ಹೀಗಾಯಿತೆಂದು ತಲೆ ಕೆಡಿಸಿಕೊಂಡಿದ್ದಾಗಲೇ ಹನುಮಕ್ಕ ಭಾವನ ಜೊತೆ ಲ್ಯಾಬಿಗೆ ಬಂದಳು. ಆಕೆ ಬಾಗಿಲ ಬಳಿ ನಿಂತಳು. ಭಾವ ಕುರ್ಚಿ ಎಳೆದುಕೊಂಡು ಕೂತು ಶುರುಮಾಡಿದ.

"ಅದೇನ್ ನೆಗೆಟಿವ್ವೋ ಏನೋ ಕಣಮ್ಮ. ಗಡ್ಡೆ ಪೂರಾ ತೆಗೆದವ್ರೆ, ನಾನೇ ಕಣ್ಣಾರ ನೋಡಿವ್ನಿ. ನಾನ್ ಬರೋಗಂಟ ಎತ್ತಿಟ್ಟಿರಿ ಅಂತ ಫೋನ್ ಮಾಡ್ಸಿದ್ದೆ. ಬಸ್ಸು ಪೆನುಕೊಂಡದತ್ರ ಕೆಟ್ಟು ನಿಂತ್ಬುಡ್ತು, ಬರೋವೊತ್ಗೆ ಸಾಯಂಕಾಲ ಆಗೋಯ್ತು. ಆದ್ರೂ ಇಟ್ಟಿದ್ರು ಪಾಪ, ಬೇಸಿನ್ನಾಗೆ, ಒದ್ದೆ ಬಟ್ಟೆ ಮುಚ್ಚಿ."

"ಆಪರೇಷನ್ ಎಷ್ಟೊತ್ತಿಗೆ ಮುಗಿದಿತ್ತು?"

"ಬೆಳಿಗ್ಗೆನೇ ಮುಗಿದಿತ್ತಂತೆ."

ನನ್ನ ಮೈಯೆಲ್ಲ ಉರಿದುಹೋಯಿತು. ಮೈಯಿಂದ ಬೇರೆಯಾದ ಮಾಂಸವನ್ನು ಗಂಟೆಯೊಳಗೆ ಸೀಳಿ ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು. ಇಲ್ಲದಿದ್ದರೆ ಕಿತ್ತ ಸೊಪ್ಪನ್ನು ಬಿಸಿಲಿನಲ್ಲಿ ಬಿಟ್ಟ ಹಾಗೆ, ಪ್ರೋಟೀನುಗಳು ಸೊರಗಿ ಹೋಗುತ್ತವೆ. ಹಗಲೆಲ್ಲ ಬೇಸಿನ್ನಿನಲ್ಲಿ ಬಿದ್ದಿದ್ದು, ಸಂಜೆ ಇಡೀ ಎದೆಯನ್ನು ಸೀಳದೆಯೇ ಜಾಡಿಗೆ ತುರುಕಿದ್ದರು. ಒಬ್ಬ ಗಂಡಸು ಬಂದು ನೋಡಿ ತಲೆಯಾಡಿಸಲಿ ಎಂದು ಒಬ್ಬ ಹೆಂಗಸಿನ ಔಷಧಿಯನ್ನೇ ಕಿತ್ತುಕೊಂಡಿದ್ದರು. ಎಂಥ ಅನ್ಯಾಯ!

ಆಗ ನೆನಪಾಯಿತು, ಕಲ್ಯಾಣದುರ್ಗದಿಂದ ಬಂದ ಸೂಜಿ ತುಣುಕಿನ ಬ್ಲಾಕ್ ನನ್ನ ಬೀರುವಿನಲ್ಲೇ ಇತ್ತು. ಅದು ಯಾರಿಗೂ ಕಾದಿರಲಿಲ್ಲ, ನೇರ ಫಾರ್ಮಲಿನ್‌ಗೆ ಬಿದ್ದಿತ್ತು. ಅದರ ಮೇಲೆ ಮತ್ತೆ ಪರೀಕ್ಷೆ ಮಾಡಿಸೋಣ ಎಂದೆ.

"ಸಾಕು ಬಿಡಮ್ಮ, ಎಷ್ಟ್ ಸಲ ಅಂತ ಟೆಸ್ಟು," ಎಂದ ಭಾವ.

"ನಾನು ಕೇಳ್ತಿರೋದು ಅವಳನ್ನ," ಎಂದು ಹನುಮಕ್ಕನ ಕಡೆ ತಿರುಗಿದೆ.

ಆಕೆ ಬಾಗಿಲು ಬಿಟ್ಟು ಮುಂದೆ ಬಂದು ಹೇಳಿದಳು: "ಕಳ್ಸಿ ಡಾಕ್ಟ್ರಮ್ಮ. ನನ್ ಮೈಯಿಂದ ತೆಗೆದಿದ್ನ ಇವ್ರು ನೋಡವ್ರೆ, ಇವ್ರ ಜೊತೆ ಬಂದೋರೂ ನೋಡವ್ರೆ. ನಂಗ್ ಮಾತ್ರ ಯಾರೂ ತೋರಿಸ್ಲಿಲ್ಲ."



ಅಂದೇ ನರ್ಸಿಂಗ್ ಹೋಮಿಗೆ ಹೋದೆ. ಕತ್ತರಿಸಿದ ಅಂಗವನ್ನು ಮನೆಯ ಯಜಮಾನನಿಗೆ ತೋರಿಸುವುದು ನಮ್ಮ ಕಡೆ ಬಲವಾಗಿ ಬೇರೂರಿದ ಪದ್ಧತಿ. "ಏನೂ ತೆಗ್ದಿಲ್ಲ, ಬರೀ ಕೊಯ್ದು ಹೊಲಿದವ್ರೆ" ಎಂದು ಹಿಂದೊಮ್ಮೆ ಒಬ್ಬರು ಜಗಳಕ್ಕೆ ನಿಂತಿದ್ದರಂತೆ, ಅಂದಿನಿಂದ ಈ ಸರ್ಜನ್ ಅದನ್ನು ಬಿಟ್ಟಿರಲಿಲ್ಲ.

"ತೋರಿಸದೆ ಇದ್ರೆ ಜನ ಬಾಗಿಲಲ್ಲೇ ಕೂತ್ಕೋತಾರೆ ಮೇಡಂ. ರಿಪೋರ್ಟ್ ವಚ್ಚಿಂದಿ ಕದಾ, ಇಂಕೇಮಿ?" ಎಂದರು. ರಿಪೋರ್ಟ್ ಬಂತಲ್ಲ, ಇನ್ನೇನು ಎಂಬ ಉಡಾಫೆ.

"ನೀವು ಹಾಳು ಮಾಡಿ ಕಳಿಸಿದ ಮಾಂಸದಲ್ಲಿ ಬ್ರಹ್ಮ ಬಂದರೂ ಪ್ರೋಟೀನ್ ಹುಡುಕೋಕಾಗಲ್ಲ. ಯಾವ ಯಜಮಾನನಿಗೆ ಬೇಕಾದರೂ ತೋರಿಸಿ ಡಾಕ್ಟ್ರೇ, ಮೊದಲು ಸೀಳಿ ಫಾರ್ಮಲಿನ್‌ಗೆ ಹಾಕಿ. ಜಾಡಿಯಲ್ಲೇ ನೋಡ್ಕೊಳ್ಳಲಿ. ಇನ್ನೊಂದು ಸಲ ಬೇಸಿನ್ನಿನಲ್ಲಿಟ್ಟದ್ದು ಗೊತ್ತಾದರೆ ನಿಮ್ಮ ಜಾಡಿ ನನ್ನ ಹೊಸಿಲು ದಾಟೋದಿಲ್ಲ."

ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ ಎಂದು ಬಂದುಬಿಟ್ಟೆ. ಮುಂದೆ ಅವರ ಥಿಯೇಟರಿನಲ್ಲಿ ಫಾರ್ಮಲಿನ್ ಡಬ್ಬ ಆಪರೇಷನ್‌ಗೆ ಮೊದಲೇ ಸಿದ್ಧವಾಗಿರುತ್ತಿತ್ತು.

ಎರಡನೇ ಪರೀಕ್ಷೆಯ ಉತ್ತರ ಸ್ಲೈಡುಗಳ ಜೊತೆಗೇ ಬಂತು. ಇಆರ್ ಬಲವಾಗಿ ಪಾಸಿಟಿವ್, ಪಿಆರ್ ಕೂಡ. ಹರ್-2 ಇಲ್ಲ. ಕೀಮೋ ಮುಗಿದೊಡನೆ ಟ್ಯಾಮಾಕ್ಸಿಫೆನ್ ಶುರು ಮಾಡಲು ಸರ್ಜನ್ ಬರೆದುಕೊಟ್ಟರು. ತಪ್ಪಾಯಿತು ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ. ನಾನು ಲ್ಯಾಬ್ ಮುಚ್ಚುವವರೆಗೂ ಹನುಮಕ್ಕ ಪರಿಗಿಗೆ ಬಂದಾಗಲೆಲ್ಲ ನನ್ನನ್ನು ನೋಡಿಕೊಂಡೇ ಹೋಗುತ್ತಿದ್ದಳು.

ಈ ಕಸುಬು ನನಗೆ ಕಲಿಸಿದ್ದು ಇಷ್ಟು. ಇಲ್ಲ ಎನ್ನುವ ರಿಪೋರ್ಟ್ ಕೈಗೆ ಬಂದಾಗ, ಆ ಮಾಂಸಕ್ಕೆ ಹೌದು ಎನ್ನುವ ಶಕ್ತಿಯನ್ನು ನಾವು ಉಳಿಸಿದ್ದೆವೋ ಇಲ್ಲವೋ ಎಂದು ಮೊದಲು ವಿಚಾರಿಸಬೇಕು. ಮೈ ಯಾರದೋ ಅವರನ್ನೂ ಒಂದು ಮಾತು ಕೇಳಬೇಕು. ಇದನ್ನು ಯಾವ ಮೆಡಿಕಲ್ ಕಾಲೇಜಿನಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

ಆ ಉತ್ತರ ಬಂದ ದಿನ ಹನುಮಕ್ಕನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. "ಕಂದು ಚುಕ್ಕೆಗಳು ಕಾಣ್ತವಾ? ನಿನ್ನ ಮಾತ್ರೆಗೆ ಆಧಾರ ಅವೇ," ಎಂದೆ. ಆಕೆ ಕಣ್ಣು ಕದಲಿಸದೆ ನೋಡುತ್ತಲೇ ಇದ್ದಳು. ಹೊರಗೆ ಬೆಂಚಿನ ಮೇಲಿದ್ದ ಭಾವ ಎದ್ದು ಒಳಗೆ ಇಣುಕಿದ.

"ಏನಮ್ಮಾ ಅದು? ನಾನೂ ಒಸಿ ನೋಡ್ತೀನಿ."

ಹನುಮಕ್ಕ ತಲೆ ಎತ್ತಲಿಲ್ಲ.

"ನೀವು ಅವತ್ತೇ ನೋಡಿದ್ರಲ್ಲ ಭಾವ," ಎಂದಳು. "ಇವತ್ತು ನಾನ್ ನೋಡ್ತೀನಿ."