ತಂಗಿ ಬರೆದ ಅವ್ವ

ಅವ್ವ ತೀರಿಕೊಂಡ ಅಪಘಾತದಲ್ಲಿ ನಾವು ಅಕ್ಕತಂಗಿ ಇಬ್ಬರೂ ಅದೇ ಕಾರಿನಲ್ಲಿದ್ದೆವು. ಸೋಲಾಪುರದ ಮದುವೆ ಮುಗಿಸಿ ಪುಣೆಗೆ ಬರುತ್ತಿದ್ದಾಗ, ದೌಂಡದ ಹತ್ತಿರ, ಕಬ್ಬು ಹೇರಿದ ಟ್ರಾಲಿಯೊಂದು ನಮ್ಮ ಮೇಲೆ ಮಗುಚಿತು. ಮುಂದೆ ಡ್ರೈವರನ ಪಕ್ಕದ ಸೀಟಿನಲ್ಲಿದ್ದ ನನಗೆ ಎಚ್ಚರ ತಪ್ಪಿತ್ತು. ಹಿಂದೆ ಕೂತ ತಂಗಿಯ ತೊಡೆಯ ಮೇಲೆ ಅವ್ವ ಪ್ರಾಣ ಬಿಟ್ಟಳು.

ಆಮೇಲೆ ವರ್ಷಗಟ್ಟಲೆ ತಂಗಿ ಕಾರು, ರಿಕ್ಷಾ ಯಾವುದನ್ನೂ ಹತ್ತಲಿಲ್ಲ. ಚಿಂಚವಾಡದ ಆಫೀಸಿಗೆ ಲೋಕಲ್ ಟ್ರೇನಿನಲ್ಲೇ ಹೋಗಿಬರುತ್ತಿದ್ದಳು. ದಾರಿಯಲ್ಲಿ ಕಬ್ಬಿನ ಹಾಲಿನ ಗಾಡಿ ಕಂಡರೂ ರಸ್ತೆಯ ಆಚೆಬದಿಗೆ ಸರಿಯುತ್ತಿದ್ದಳು. ಕೊನೆಗೊಬ್ಬ ಆಪ್ತಸಲಹೆಗಾರ್ತಿ, ದಿನಾ ಇಪ್ಪತ್ತು ನಿಮಿಷ ಮನಸ್ಸಿಗೆ ಬಂದದ್ದನ್ನು ಬರೆಯಲು ಹೇಳಿದರು.

ನಾನು ಒಳಗೊಳಗೇ ನಕ್ಕೆ. ಎರಡು ಕಥಾಸಂಕಲನ ತಂದವಳು ನಾನು. ಅವಳು ಕಿರಾಣಿ ಚೀಟಿ ಬಿಟ್ಟು ಬೇರೇನೂ ಬರೆದವಳಲ್ಲ. ಆದರೆ ಅವ್ವನ ಬಗ್ಗೆ ನನಗೆ ಒಂದು ಸಾಲೂ ಮೂಡಿರಲಿಲ್ಲ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಕೆಲವು ತಿಂಗಳಲ್ಲಿ ಅವಳಿಗೆ ಊಟ ಸೇರತೊಡಗಿತು. ಒಂದು ಸಂಜೆ ರಿಕ್ಷಾದಲ್ಲಿ ಬಂದು ನನ್ನ ಮನೆಯ ಮುಂದೆ ಇಳಿದಳು. ಸಂತೋಷಪಡಬೇಕಾದವಳು ನಾನು, ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡುತ್ತ ನಿಂತೆ.

ಪುಣೆಯ ಕೊಂಢವಾ ಬಡಾವಣೆಯಲ್ಲಿರುವ ಗೆಳತಿಯೊಬ್ಬಳ ಮನೆಯಲ್ಲಿ ಭಾನುವಾರ ನಾವು ಏಳೆಂಟು ಕನ್ನಡದ ಹೆಣ್ಣುಮಕ್ಕಳು ಸೇರಿ ಬರೆದದ್ದನ್ನು ಓದುತ್ತಿದ್ದೆವು. ತಂಗಿ ಅಲ್ಲಿಗೂ ಬಂದಳು. ಬರುಬರುತ್ತ ಅರ್ಧ ಮರಾಠಿಗೆ ಜಾರುವ ತನ್ನ ಕನ್ನಡದಲ್ಲಿ, ಅವ್ವನ ಕೈ ತಣ್ಣಗಾದದ್ದನ್ನು ಓದಿದಳು. ನಮ್ಮಲ್ಲಿನ ಹಿರಿಯಾಕೆಯೊಬ್ಬರು ಕಣ್ಣೊರೆಸಿಕೊಂಡು, “ಭಾಳ ಛಲೋ ಬರದೀರಿ” ಎಂದರು. ನನ್ನ ಕಥೆ ಕೇಳಿ ಅವರು ಯಾವತ್ತೂ ಅತ್ತಿರಲಿಲ್ಲ.

ಇಬ್ಬರೂ ನನ್ನ ಮನೆಗೆ ಬಂದ ಮೇಲೆ ಅವಳ ನೋಟ್‌ಬುಕ್ ಕೇಳಿ ಪಡೆದೆ. ಓದುತ್ತಲೇ ಪೆನ್ನು ತೆಗೆದು ಕಾಗುಣಿತ ತಿದ್ದತೊಡಗಿದೆ.

“ಅಕ್ಕಾ, ತಿದ್ದಾಕ ಕೊಟ್ಟಿಲ್ಲ. ಓದಾಕ ಕೊಟ್ಟೀನಿ.”

ಮುಂದಿನ ಪುಟ ಅವಳು ಎಲ್ಲೂ ಓದಿ ಹೇಳದೇ ಇದ್ದದ್ದು. ಅವ್ವ ಕೊನೆಗೆ ಆಡಿದ ಮಾತು ಅದರಲ್ಲಿತ್ತು: “ನಿಮ್ಮಕ್ಕನ್ನ ನೋಡು, ಆಕಿ ಹಣಿಯಿಂದ ರಕ್ತ ಬರಾಕತ್ತದ.”

“ಇದನ್ನ ನನಗ ಯಾಕ ಹೇಳಲಿಲ್ಲ?”

ತಂಗಿ ನೋಟ್‌ಬುಕ್ಕನ್ನು ತನ್ನ ಕಡೆಗೆ ಎಳೆದುಕೊಂಡಳು. “ಅವ್ವನ್ನ ಹಿಡಕೊಂಡು ಕುಂತಾಕಿ ನಾನು. ಹೋಗೋ ಹೊತ್ತಿನ್ಯಾಗೂ ಅವ್ವ ನಿನ್ನನ್ನ ನೆನಸಿದ್ಲು. ಹೊಟ್ಟಿಕಿಚ್ಚಾತು, ಅಕ್ಕಾ. ಹೇಳಾಕ ಮನಸ್ಸಾಗಲಿಲ್ಲ. ಬರದ ಮ್ಯಾಲೆ ಹಗುರಾತು.”

ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಅವ್ವನ ತಲೆ ಅವಳ ತೊಡೆಯ ಮೇಲಿತ್ತಲ್ಲ ಎಂದು ನಾನು ಅಷ್ಟು ದಿನ ಕರುಬಿದ್ದೆ. ಅವಳು ಕರುಬಿದ್ದು ಆ ಒಂದು ಮಾತಿಗೆ.

ಮರುದಿನ ಬೆಳಿಗ್ಗೆ ಚಹಾ ಆರುವುದಕ್ಕೆ ಬಿಟ್ಟು ಬರೆಯಲು ಕೂತೆ. ಅವ್ವನ ಸಾವಿನಿಂದ ಶುರುಮಾಡಲು ಆಗಲಿಲ್ಲ. “ತಂಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು” ಎಂದು ಬರೆದೆ. ಆ ಸಾಲಿನ ಹಿಂದೆ ನಾಲ್ಕು ಪುಟ ಬಂದವು. ಕಿಚ್ಚು ಪೂರ್ತಿ ಆರಿದೆ ಎಂದರೆ ಸುಳ್ಳಾದೀತು. ಆದರೆ ಅಂದು ಮೊದಲ ಬಾರಿಗೆ ಅವ್ವನಿಗಾಗಿ ಅತ್ತೆ.